ಡೇರೆ ಅಂಗಡಿಗೆ ಹೋದ ನೀರು

ಜಿಪ್ಪಿನ ಹಲ್ಲುಗಳ ನಡುವೆ ಸಿಕ್ಕಿಕೊಂಡ ಮರಳನ್ನು ಹಳೆಯ ಟೂತ್ ಬ್ರಷ್ಷಿನಿಂದ ತೆಗೆಯುತ್ತಿದ್ದೆ. ಎಷ್ಟು ತೆಗೆದರೂ ಇನ್ನಷ್ಟು ಉದುರುತ್ತಿತ್ತು. ವಹೀಬಾ ಮರಳುಗಾಡಿನ ಮರಳು ಜರಡಿ ಹಿಡಿದ ಹಿಟ್ಟಿನ ಹಾಗೆ, ಒಮ್ಮೆ ಡೇರೆಯ ಬಟ್ಟೆಯೊಳಗೆ ಹೊಕ್ಕಿತೆಂದರೆ ಅಲ್ಲೇ ಸಂಸಾರ ಹೂಡುತ್ತದೆ. ಮರಳು ತೆಗೆದಾದ ಮೇಲೆ ಮೇಣದ ಬತ್ತಿಯ ತುಂಡಿನಿಂದ ಜಿಪ್ಪನ್ನು ಮೇಲಿಂದ ಕೆಳಗೆ ಉಜ್ಜಬೇಕು, ಆಮೇಲೆ ಕಿತ್ತುಹೋದ ಅಂಚಿಗೆ ಒಂದು ಪಟ್ಟಿ ಕೊಟ್ಟು ಹೊಲಿಯಬೇಕು. ಆ ಡೇರೆ ನಮ್ಮ ಅಂಗಡಿಯದ್ದಲ್ಲ. ಮೂಲೆಯ ಹೊಲಿಗೆ ನೋಡಿದರೆ ಸಾಕಿತ್ತು. ಒಂದೇ ಸಾಲು ದಾರ, ಅದೂ ಸಡಿಲ. ಯಾರೋ ಫೋನಿನಲ್ಲಿ ತರಿಸಿಕೊಂಡದ್ದು. ಹರಿದ ಮೇಲೆ ಮಾತ್ರ ನಮ್ಮ ಬಾಗಿಲಿಗೆ ಬಂದಿತ್ತು, ನಾನೂ ಹೊಲಿಯುತ್ತಾ ಕೂತಿದ್ದೆ.

ನಮ್ಮ ಅಂಗಡಿ ಒಮಾನಿನ ಇಬ್ರಾ ಊರಿನ ಸೂಕಿನ, ಎಂದರೆ ಪೇಟೆಯ, ಅಂಚಿನಲ್ಲಿದೆ. ನಮ್ಮದು ಎಂದು ಬಾಯಿ ಅಭ್ಯಾಸಕ್ಕೆ ಹೇಳುವುದು, ಮಾಲೀಕರು ಒಮಾನಿನವರು. ನನ್ನ ಗಂಡ ಭೋಜರಾಜರು ಅದನ್ನು ನಡೆಸುತ್ತಾರೆ, ಹಿಂದಿನ ಕೋಣೆಯ ಹೊಲಿಗೆ ಯಂತ್ರ ನನ್ನದು. ಫಲಕದಲ್ಲಿ ಬೇಟೆ ಮತ್ತು ಪ್ರವಾಸದ ಸಾಮಾನು ಎಂದು ಅರಬಿಯಲ್ಲಿ ಬರೆದಿದೆ. ಬೇಟೆ ಎಂಬುದು ಕಾನೂನಿನಲ್ಲಿ ಎಂದೋ ನಿಂತುಹೋಯಿತು, ಫಲಕದಲ್ಲಿ ಮಾತ್ರ ಉಳಿದಿದೆ. ಒಳಗೆ ಡೇರೆಗಳು, ಇದ್ದಿಲಿನ ಒಲೆಗಳು, ಮಡಚುವ ಮಂಚಗಳು, ದುರ್ಬೀನು, ಗಿಡುಗವನ್ನು ಕೂರಿಸಿಕೊಳ್ಳುವ ಚರ್ಮದ ಕೈಗವಸು, ಮದುವೆ ಮೆರವಣಿಗೆಯಲ್ಲಿ ಗಂಡಸರು ಸೊಂಟಕ್ಕೆ ಕಟ್ಟುವ ತೋಟಾ ಪಟ್ಟಿ, ಮಸೀರಾ ದ್ವೀಪದ ಕಡೆಗೆ ಮೀನಿಗೆ ಹೋಗುವವರ ಗಾಳ. ಒಂದು ಕಾಲದಲ್ಲಿ ಚಳಿಗಾಲ ಬಂತೆಂದರೆ ಮರಳುಗಾಡಿಗೆ ಹೊರಟವರ ಗಾಡಿಗಳು ಬಾಗಿಲಿಂದ ಮಸೀದಿಯವರೆಗೆ ನಿಲ್ಲುತ್ತಿದ್ದವು.

ಅಂಗಡಿ ಕಟ್ಟಿದವರು ಅರ್ಬಾಬ್ ಹಿಲಾಲ್, ದೊಡ್ಡ ಯಜಮಾನರು. ಅವರದ್ದು ಎರಡು ಪದ್ಧತಿ. ಹೊಸ್ತಿಲು ದಾಟಿದವನ ಕೈಗೆ ಮೊದಲು ಕಾಫಿ, ಖರ್ಜೂರ ಕೊಡಬೇಕು. ಅವನು ಸಾಕು ಎಂದು ಬಟ್ಟಲು ಅಲ್ಲಾಡಿಸುವವರೆಗೆ ಏನು ಬೇಕಿತ್ತು ಎಂದು ಕೇಳಬಾರದು. ಮತ್ತೆ, ಹರಿದದ್ದು ಯಾವುದು ಬಂದರೂ ಹೊಲಿದು ಕೊಡಬೇಕು, ಎಲ್ಲಿ ಕೊಂಡದ್ದು ಎಂದು ಕೇಳುವುದು ಮರ್ಯಾದೆಯಲ್ಲ. ದೊಡ್ಡ ಯಜಮಾನರು ಹೋದ ಮೇಲೂ ನಮ್ಮ ಇವರು ಎರಡನ್ನೂ ಬಿಡಲಿಲ್ಲ. ಈಗಿನ ಹುಡುಗರು ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಡೇರೆ ಬಿಚ್ಚಿಸಿ ಒಳಗೆ ಮಲಗಿ ನೋಡುತ್ತಾರೆ, ಬೆಲೆ ಚೀಟಿಯ ಫೋಟೋ ಹೊಡೆದುಕೊಂಡು ಶುಕ್ರನ್ ಹೇಳಿ ಹೋಗುತ್ತಾರೆ. ಡೇರೆಯನ್ನು ಪುನಃ ಚೀಲಕ್ಕೆ ಹೇಗೆ ಮಡಚಿ ಸೇರಿಸುವುದು ಎಂಬುದನ್ನೂ ಇವರು ಹೇಳಿಕೊಡುತ್ತಾರೆ. ಪಕ್ಕದ ಅಬಾಯಾ ಅಂಗಡಿಯ ನಫೀಸತ್, ಉಳ್ಳಾಲದ ಬ್ಯಾರಿ ಹೆಂಗಸು, ಒಂದು ದಿನ ಬಾಗಿಲಲ್ಲಿ ನಿಂತು ನೋಡಿ ಹೇಳಿದಳು:

"ದಮಯಂತಿಯಕ್ಕ, ನಿಮ್ಮ ಭೋಜರಾಜಣ್ಣ ಒಳ್ಳೆ ಟ್ಯೂಷನ್ ಮಾಸ್ಟ್ರು. ಪಾಠ ಇಲ್ಲಿ, ಫೀಸು ಬೇರೆಯವರಿಗೆ."

ಇವರೂ ನಕ್ಕರು. ನಗದೆ ಏನು ಮಾಡುವುದು. ಅಲ್ ಖೌದ್‌ನಲ್ಲಿರುವ ನಮ್ಮ ಮಗಳು ಸೌಮ್ಯಶ್ರೀಯೇ ಅಳಿಯನ ಜೊತೆ ಕಡಲ ಬದಿಗೆ ಹೋದವಳು ಕಿತ್ತಳೆ ಬಣ್ಣದ ಡೇರೆಯ ಮುಂದೆ ನಿಂತ ಪಟ ಕಳಿಸಿದ್ದಳು. ಎಲ್ಲಿಯದು ಎಂದು ಇವರು ಕೇಳಲಿಲ್ಲ. ಪಟವನ್ನು ಬೆರಳಲ್ಲಿ ದೊಡ್ಡದು ಮಾಡಿ ಮೂಲೆಯ ಹೊಲಿಗೆ ನೋಡಿದರು, ಫೋನನ್ನು ನನಗೆ ವಾಪಸು ಕೊಟ್ಟರು.

ದೊಡ್ಡ ಯಜಮಾನರು ತೀರಿಕೊಳ್ಳುವ ಮೊದಲು ಮಗ ನಾಸಿರನನ್ನೂ ಇವರನ್ನೂ ಹಾಸಿಗೆಯ ಬಳಿ ಕರೆದಿದ್ದರು. ಭೋಜ ಇರುವಷ್ಟು ದಿನ ಬಾಗಿಲು ಮುಚ್ಚಬೇಡ ಎಂದು ಮಗನಿಗೆ ಹೇಳಿದರು. ಇಬ್ಬರೂ ಕೇಳಿಸಿಕೊಂಡರು, ಇಬ್ಬರನ್ನೂ ಆ ಮಾತು ಕಟ್ಟಿಹಾಕಿತು. ನಾಸಿರ್ ಇವರ ಕಣ್ಣೆದುರೇ ಬೆಳೆದವನು, ಇವರನ್ನು ಚಾಚಾ ಎಂದೇ ಕರೆಯುತ್ತಾನೆ. ಪ್ರತಿ ಗುರುವಾರ ಸಂಜೆ ಬಂದು ಕಾಫಿ ಕುಡಿದು, ನಮ್ಮಿಬ್ಬರ ಆರೋಗ್ಯ, ಮಗಳ ಆರೋಗ್ಯ, ಊರಿನ ಮಳೆ ಎಲ್ಲ ವಿಚಾರಿಸಿ ಹೋಗುತ್ತಾನೆ. ವ್ಯಾಪಾರದ ಮಾತು ಎತ್ತುವುದಿಲ್ಲ. ಅಂಗಡಿ ನಡೆಸುವ ಆಸೆ ಅವನಿಗೆ ಇದೆ, ತಾನು ಬಿಟ್ಟು ಹೋದರೆ ಸತ್ತವರ ಮಾತು ಮುರಿದಂತೆ ಎಂದು ಇವರು ತಿಳಿದಿದ್ದರು. ನಮ್ಮ ವೀಸಾ ಈ ಅಂಗಡಿಯದು, ಬಾಗಿಲು ಮುಚ್ಚಿದ ದಿನ ನಾವೂ ಗಂಟು ಕಟ್ಟಬೇಕು. ಅದಕ್ಕೆ ಇವರು ಅಂಜಿದವರಲ್ಲ. ದೊಡ್ಡವರ ಅಂಗಡಿಯನ್ನು ನಡುದಾರಿಯಲ್ಲಿ ಬಿಟ್ಟು ಹೋದ ಎಂಬ ಮಾತಿಗೆ ಅಂಜಿದವರು.

ಆದರೂ ಕಳೆದ ವರ್ಷ ಒಂದು ಕಾಗದ ಟೈಪ್ ಮಾಡಿಸಿ ತಂದಿದ್ದರು. ವ್ಯಾಪಾರವಿಲ್ಲ, ಅಂಗಡಿ ಮುಚ್ಚೋಣ ಎಂದು ಈಗಿನ ಅರ್ಬಾಬ್ ನಾಸಿರನಿಗೆ ಅರಬಿಯಲ್ಲಿ. ಚಳಿಗಾಲ ಒಂದು ಮುಗಿಯಲಿ ಎಂದು ಕೊಡಲಿಲ್ಲ. ರಂಜಾನಿನಲ್ಲಿ ಇಂಥ ಕಾಗದ ಕೊಡಬಾರದು ಎಂದರು. ಈದ್ ಕಳೆಯಿತು. ಮಳೆ ನೋಡಲು ಜನ ಸಲಾಲಾಕ್ಕೆ ಹೋಗುವಾಗ ಡೇರೆ ಕೇಳಿಕೊಂಡು ಬಂದಾರು ಎಂದರು. ಸಲಾಲಾಕ್ಕೆ ಹೋದವರು ಹೋದರು, ಬಂದರು.

ಇಬ್ರಾದಲ್ಲಿ ಬುಧವಾರ ಹೆಂಗಸರ ಸಂತೆ. ಮಾರುವವರೂ ಹೆಂಗಸರು, ಕೊಳ್ಳುವವರೂ ಹೆಂಗಸರು, ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಅಂಥ ಒಂದು ಬುಧವಾರ ನಾನು ದಾರದ ಉಂಡೆಗೆಂದು ಹೋಗಿದ್ದೆ. ನಾಸಿರನ ಹೆಂಡತಿ ಮೌಜಾ ಲಿಂಬೆಹಣ್ಣಿನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹಣ್ಣು ಒತ್ತಿ ನೋಡುತ್ತಿದ್ದಳು. ನನಗೆ ನಗು ಬಂತು. ಅವರ ತೋಟದ ಲಿಂಬೆ ನಮ್ಮ ಅಡುಗೆಮನೆಗೇ ಚೀಲಗಟ್ಟಲೆ ಬರುತ್ತಿತ್ತು. ಬಂದು ಬಹಳ ದಿನವಾಯಿತೆಂಬುದು ಆಗ ಹೊಳೆಯಿತು. ನನ್ನ ಮುರುಕು ಅರಬಿಯಲ್ಲಿ ಚೇಷ್ಟೆ ಮಾಡಿದೆ. ಸಮುದ್ರದಲ್ಲಿ ಇದ್ದುಕೊಂಡು ಉಪ್ಪು ಕೊಳ್ಳುತ್ತೀಯಲ್ಲ ತಾಯಿ ಎಂದೆ.

ಮೌಜಾ ತಲೆ ಎತ್ತಲಿಲ್ಲ. ಲಿಂಬೆಗಿಡಗಳು ಒಣಗಿದವು ಎಂದಳು. ಫಲಜಿನಲ್ಲಿ ನೀರಿಲ್ಲವೇ ಎಂದು ಕೇಳಿದೆ. ಫಲಜು ಎಂದರೆ ಗುಡ್ಡದ ಬುಡದಿಂದ ಊರಿಗೆ ಹರಿದು ಬರುವ ಕಾಲುವೆ. ಅದರ ನೀರು ಎಲ್ಲರ ತೋಟಕ್ಕೂ ಸರದಿಯ ಮೇಲೆ ಹೋಗುತ್ತದೆ. ಸರದಿ ಎಂಬುದು ಹೊಲಗದ್ದೆಯ ಹಾಗೆ ಅಪ್ಪನಿಂದ ಮಗನಿಗೆ ಬರುವ ಆಸ್ತಿ, ಬೇಕಾದರೆ ಮಾರಲೂಬಹುದು. ಮಾರಿದವರಿಗೆ ಅದು ಮತ್ತೆ ಕೈಗೆ ಬರುವುದು ಕಷ್ಟ.

ಫಲಜಿನಲ್ಲಿ ನೀರಿದೆ, ನಮ್ಮ ಪಾಲಿನದು ಅರ್ಧ ಮಾರಿಹೋಯಿತು ಎಂದಳು ಅವಳು. ಯಾಕೆ ಎಂದು ಕೇಳಿದೆ. ಆಗ ಅವಳು ನನ್ನ ಮುಖ ನೋಡಿದಳು.

"ಅಂಗಡಿ ನಡೀಬೇಕಲ್ಲ. ನಿನ್ನ ಗಂಡನಿಗೆ ಅಲ್ಲಿ ಕೂತಿರುವ ಆಸೆ."

ನಾನೂ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಆಮೇಲೆ ಹೇಳಿದೆ:

"ಅವರು ಕೂತಿರುವುದು ನಿನ್ನ ಗಂಡನ ಆಸೆಗೆ."

ಇಬ್ಬರೂ ಒಮ್ಮೆ ನಕ್ಕೆವು. ಲಿಂಬೆ ಮಾರುವ ಮುದುಕಿಯೂ ನಮ್ಮನ್ನು ನೋಡಿ ಸುಮ್ಮನೆ ನಕ್ಕಳು. ನಗು ನಿಂತ ಮೇಲೆ ಮೌಜಾ ನನ್ನ ಕೈ ಹಿಡಿದುಕೊಂಡು, ಈ ಮಾತು ತನ್ನ ಬಾಯಿಂದ ಬಂತೆಂದು ನಾಸಿರನಿಗೆ ತಿಳಿಯಬಾರದು, ಚಾಚಾನ ಕಿವಿಗೆ ಬೀಳಕೂಡದೆಂದು ಮನೆಯವರಿಂದೆಲ್ಲ ಆಣೆ ಹಾಕಿಸಿಕೊಂಡಿದ್ದಾನೆ ಎಂದಳು. ಆಯಿತು ಎಂದೆ. ದಾರದ ಉಂಡೆ ಮರೆತು ಬಂದೆ.

ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಕಲಸಿದ ಅನ್ನ ಬಟ್ಟಲಲ್ಲೇ ಉಳಿಯಿತು.

"ಅವ ಒಂದು ಮಾತು ಹೇಳ್ಬಹುದಿತ್ತು," ಎಂದರು.

"ನೀವೂ ಹೇಳ್ಬಹುದಿತ್ತು."

"ನಾನು ಹೇಗೆ ಹೇಳುದು ಮಾರಾಯ್ತಿ. ಅವನ ಅಪ್ಪನ ಮಾತಲ್ವ."

"ಅವನಿಗೂ ಅದೇ ಅಲ್ವ."

ಇನ್ನು ಕಾಗದ ಗೀಗದ ಬೇಡ, ಗುರುವಾರ ಬಂದಾಗ ಬಾಯಲ್ಲೇ ಹೇಳುತ್ತೇನೆ ಎಂದರು. ನಾನು ಬೇಡ ಎನ್ನಲಿಲ್ಲ. ಎದುರಿಗೆ ಕೂತು ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ನನಗೂ ಅನ್ನಿಸಿತ್ತು.

ಗುರುವಾರ ನಾಸಿರ್ ಬಂದ. ಕಾಫಿಯಾಯಿತು, ಆರೋಗ್ಯದ ವಿಚಾರಣೆಯಾಯಿತು, ಊರಿನ ಮಳೆಯೂ ಆಯಿತು. ಬಟ್ಟಲು ಅಲ್ಲಾಡಿಸಿ ಕೆಳಗಿಟ್ಟ ಮೇಲೆ ಇವರು ಗಂಟಲು ಸರಿಮಾಡಿಕೊಂಡು, ಅಂಗಡಿ ನಡೆಯುವುದಿಲ್ಲ ಅರ್ಬಾಬ್, ಖಲಾಸ್ ಮಾಡುವ ಎಂದರು. ನಾನು ಹಿಂದಿನ ಕೋಣೆಯಲ್ಲಿ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದ್ದೆ. ನಾಸಿರನ ಮುಖ ಕೆಂಪಾಯಿತು. ಅವನು ಅದನ್ನು ದೂರು ಎಂದು ತಿಳಿದುಕೊಂಡ.

"ಚಾಚಾ, ನನ್ನಿಂದ ಏನು ಕಡಿಮೆ ಆಯ್ತು ಹೇಳಿ," ಎಂದ.

ಇವರು ಏನೂ ಕಡಿಮೆಯಾಗಿಲ್ಲ ಎಂದಷ್ಟೂ ಅವನಿಗೆ ನಾಚಿಕೆ ಹೆಚ್ಚಾಯಿತು. ಮಾಲು ಹಳೆಯದಾಗಿದೆ, ಅದನ್ನು ತಾನು ನೋಡಬೇಕಿತ್ತು, ತಪ್ಪು ತನ್ನದೇ ಎಂದ. ಇಷ್ಟು ವರ್ಷ ಬಾಯಿಬಿಡದ ಮನುಷ್ಯ ಇವತ್ತು ಕೇಳುವ ಹಾಗಾಯಿತಲ್ಲ ಎಂದು ತನ್ನನ್ನೇ ಬೈದುಕೊಂಡ. ನೀರಿನ ಸಂಗತಿ ಇವರ ನಾಲಿಗೆಯ ತುದಿಯಲ್ಲಿತ್ತು, ಮೌಜಾಳಿಗೆ ನಾನು ಕೊಟ್ಟ ಮಾತು ನೆನೆದು ನುಂಗಿಕೊಂಡರು. ಎದುರಿಗೆ ಕೂತು ಬಿಡುಗಡೆ ಕೇಳಿದರೆ ಅವನು ಇಲ್ಲ ಎನ್ನಲೇಬೇಕು, ಇಲ್ಲ ಎಂದಮೇಲೆ ಆ ಮಾತನ್ನು ಉಳಿಸಿಕೊಳ್ಳಲೇಬೇಕು. ಅವರ ಮರ್ಯಾದೆ ಇರುವುದೇ ಹಾಗೆ. ಇಷ್ಟು ಕಾಲ ಅವರ ನಡುವೆ ಬಾಳಿ ನಮಗೆ ಅದು ಗೊತ್ತಿರಬೇಕಿತ್ತು. ಹೋಗುವಾಗ ಇವರ ಭುಜ ತಟ್ಟಿ, ಯಲ್ಲಾ, ಹೊಸ ಮಾಲು ತರಿಸುತ್ತೇನೆ, ಮುಖ ಸಣ್ಣ ಮಾಡಬೇಡಿ ಎಂದ.

ಮುಂದಿನ ವಾರವೇ ಘಾಲಾದ ಗೋದಾಮಿನಿಂದ ಪಿಕಪ್ ಬಂತು. ಪೆಟ್ಟಿಗೆಗಳನ್ನು ಇಳಿಸಿ ಇಳಿಸಿ ಬಾಗಿಲಿನ ಬೆಳಕು ಮುಚ್ಚಿತು. ಒಳ್ಳೆಯ ಡೇರೆಗಳೇ, ಮೂಲೆಗೆ ಎರಡು ಸಾಲು ಹೊಲಿಗೆ. ಹಿಂದಿನ ಕೋಣೆಯಲ್ಲೂ ಒಟ್ಟಿದ ಮೇಲೆ ನನ್ನ ಯಂತ್ರದ ಹತ್ತಿರ ಹೋಗಲು ಅಡ್ಡಡ್ಡ ನಡೆಯಬೇಕಾಯಿತು. ಇದು ಮೊದಲ ಕಂತು, ಇಷ್ಟೇ ಮಾಲು ಇನ್ನೊಂದು ಸಲ ಬರಲಿಕ್ಕಿದೆ ಎಂದು ಚಾಲಕ ಅಫ್ರಾಜ್ ಹೇಳಿದ. ನಫೀಸತ್ ಬಂದು ನೋಡಿ, ಯಾವಾಗಲೂ ಏನಾದರೂ ಕುಟುಕುವವಳು, ಅವತ್ತು ದಾರಿಗೆ ಅಡ್ಡವಿದ್ದ ಒಂದು ಪೆಟ್ಟಿಗೆಯನ್ನು ಬದಿಗೆ ಸರಿಸಿ ಹೋದಳು.

ಇವರು ಪೆಟ್ಟಿಗೆಗಳ ನಡುವೆ ಕೂತಿದ್ದರು.

"ಇದಕ್ಕೆ ಎಷ್ಟು ನೀರು ಹೋಗಿರ್ಬಹುದು," ಎಂದು ಕೇಳಿದರು.

ನನಗೇನು ಗೊತ್ತು. ಇನ್ನೊಂದು ಪಿಕಪ್ ಬಂದರೆ ಅವರ ಖರ್ಜೂರದ ಮರಗಳಿಗೆ ಏನೂ ಉಳಿಯುವುದಿಲ್ಲ ಎಂಬುದು ಮಾತ್ರ ಇಬ್ಬರಿಗೂ ಗೊತ್ತಿತ್ತು. ಅಪ್ಪ ನೆಟ್ಟ ಮರಗಳನ್ನು ಅಪ್ಪನ ಮಾತಿಗಾಗಿ ಮಗ ಒಣಗಿಸುತ್ತಿದ್ದ. ಇವರು ಬಾಯಿ ಬಿಟ್ಟದ್ದರಿಂದಲೇ ಅದು ಇನ್ನಷ್ಟು ಬೇಗ ಆಗುತ್ತಿತ್ತು.

ಹಳೆಯ ಕಾಗದ ಇನ್ನು ಕೆಲಸಕ್ಕೆ ಬಾರದು ಎಂದೆ. ವ್ಯಾಪಾರವಿಲ್ಲ ಎಂದು ಬರೆದರೆ ಅವನು ಇನ್ನಷ್ಟು ತರಿಸಿಯಾನು. ಅಂಗಡಿಯ ಕೊರತೆ ಹೇಳಬಾರದು, ನಮ್ಮ ಕೊರತೆ ಹೇಳಬೇಕು. ಇವರು ಬಹಳ ಹೊತ್ತು ಯೋಚಿಸಿದರು.

"ಕಣ್ಣು ಕಾಣುದಿಲ್ಲ ಅಂತ ಬರೆಸ್ತೇನೆ. ಕಣ್ಣು ಹೋದವನನ್ನು ಅವ ಹಿಡಿದಿಡುದಿಲ್ಲ."

ಇವರ ಕಣ್ಣು ಹದ್ದಿನದು. ಅಂಗಡಿಯ ಈ ಬದಿಯಿಂದ ಆ ಬದಿಯ ಗಾಳದ ಮೊನೆ ಮೊಂಡಾದದ್ದು ಕಾಣುತ್ತದೆ. ಕೆಲಸ ಬಿಟ್ಟು ಓಡಿದವ ಎನ್ನಿಸಿಕೊಳ್ಳಬಾರದೆಂದು ವರ್ಷವಿಡೀ ಒದ್ದಾಡಿದ ಮನುಷ್ಯ, ನನ್ನಿಂದ ಆಗುವುದಿಲ್ಲ, ಬಿಟ್ಟುಬಿಡಿ ಎಂದು ತಾನೇ ಬರೆದುಕೊಡಬೇಕಾಯಿತು. ಟೈಪಿಂಗ್ ಸೆಂಟರಿಗೆ ನಾನೂ ಹೋದೆ. ಇವರು ಹಿಂದಿಯಲ್ಲಿ ಹೇಳಿದರು, ಅಲ್ಲಿಯ ಮಲಯಾಳಿ ಅರಬಿಯಲ್ಲಿ ಬಡಿದ. ಕಣ್ಣು ಮಂದವಾಗಿದೆ, ಗಿರಾಕಿಯ ಮುಖ ತಿಳಿಯುವುದಿಲ್ಲ, ದೊಡ್ಡ ಯಜಮಾನರು ಹೇಳಿದಂತೆ ಇರುವಷ್ಟು ಕಾಲ ಇದ್ದೇನೆ, ಇನ್ನು ನನ್ನನ್ನೂ ಅಂಗಡಿಯನ್ನೂ ಒಟ್ಟಿಗೆ ಬಿಟ್ಟುಕೊಡಬೇಕು. ಕಾಗದ ಕೈಗೆ ಬಂದ ಕೂಡಲೇ ಇವರು ತಾರೀಖು ತಪ್ಪಿದೆ ಎಂದು ಬೆರಳಿಟ್ಟು ತೋರಿಸಿದರು.

"ಕಣ್ಣು ಕಾಣೋದಿಲ್ಲ ಅಂದ್ರಿ," ಎಂದ ಅವನು, ಸರಿಪಡಿಸುತ್ತಾ.

ಇವರು ಸಹಿ ಹಾಕಿ ಲಕೋಟೆಯನ್ನು ನನ್ನ ಕೈಗಿಟ್ಟರು. ಅಂಗಡಿಯ ಬಾಗಿಲಲ್ಲಿ ಯಾರೋ ಅಪ್ಪ ಮಗ ಕಾಯುತ್ತಿರುವುದು ಇವರಿಗೆ ರಸ್ತೆಯ ಈಚೆಯಿಂದಲೇ ಕಂಡಿತ್ತು. ಕಾಫಿ ಕೊಡಬೇಕು ಎಂದು ಬೇಗ ಬೇಗ ನಡೆದುಹೋದರು.

ಅಂಚೆ ಕಚೇರಿಗೆ ನಾನೊಬ್ಬಳೇ ಹೋದೆ. ಇಲ್ಲಿ ಮನೆಗೆ ಅಂಚೆ ಬರುವುದಿಲ್ಲ. ಎಲ್ಲರಿಗೂ ಕಚೇರಿಯ ಗೋಡೆಯಲ್ಲಿ ಒಂದು ಬೀಗದ ಪೆಟ್ಟಿಗೆ, ಬಂದು ತೆಗೆದುಕೊಂಡು ಹೋಗಬೇಕು. ನಾಸಿರನ ಪೆಟ್ಟಿಗೆಯೂ ಅದೇ ಗೋಡೆಯಲ್ಲಿದೆ. ಕೌಂಟರಿನ ಒಮಾನಿ ಹುಡುಗಿ ಲಕೋಟೆಯ ಮೇಲಿನ ಹೆಸರು ಓದಿ, ಮತ್ತೊಮ್ಮೆ ಓದಿ, ನನ್ನನ್ನು ನೋಡಿದಳು.

"ಅಮ್ಮ, ಇವರು ಇದೇ ಊರಿನವರು. ಈಗಷ್ಟೇ ಬಂದು ಹೋದರು, ಗಾಡಿ ಹೊರಗೇ ಇರಬಹುದು. ಕೈಯಲ್ಲೇ ಕೊಡಿ, ಸುಮ್ಮನೆ ಯಾಕೆ ಸ್ಟಾಂಪು."

ಗಾಜಿನಾಚೆ ನೋಡಿದೆ. ಗಾಡಿ ಇತ್ತು. ನಾಸಿರ್ ಒಳಗೆ ಕೂತು ಫೋನಿನಲ್ಲಿ ಯಾರ ಜೊತೆಯೋ ಮಾತಾಡುತ್ತಿದ್ದ, ಖಾಲಿ ಕೈಯನ್ನು ಸ್ಟೀಯರಿಂಗಿನ ಮೇಲೆ ಮೆಲ್ಲಗೆ ಬಡಿಯುತ್ತಿದ್ದ. ಯಾರ ಜೊತೆ, ಘಾಲಾದ ಗೋದಾಮಿನವರ ಜೊತೆಯೋ, ನೀರು ಕೊಳ್ಳುವವರ ಜೊತೆಯೋ. ಓಡಿಹೋಗಿ ಗಾಜು ತಟ್ಟಬಹುದಿತ್ತು. ತಟ್ಟಿದರೆ ಅವನು ಇಳಿದು ಬಂದು, ಚಾಚಿ ಬಿಸಿಲಲ್ಲಿ ನಡೆದು ಬಂದಿರಾ ಎಂದು ನನ್ನನ್ನು ಮನೆಗೆ ಬಿಡುತ್ತಿದ್ದ. ಕಾಗದ ಓದಿ ನನ್ನೆದುರು ಅಲ್ಲೇ ಬೇಡ ಎನ್ನುತ್ತಿದ್ದ.

"ಸ್ಟಾಂಪು ಹಚ್ಚಿ ಮಗಳೇ," ಎಂದೆ.

ಅವಳು ಹಚ್ಚಿದಳು. ಮುದ್ರೆ ಒತ್ತಿ, ಎದ್ದು, ಲಕೋಟೆ ಹಿಡಿದುಕೊಂಡು ಪೆಟ್ಟಿಗೆಗಳ ಗೋಡೆಯ ಹಿಂಬದಿಗೆ ಹೋದಳು.