ಫೋರ್ತ್ ಕಲಿತ ಚೆನ್ನೆಮಣೆ

ಸಾಗರದ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದ ಸುಬ್ಬರಾಯನಿಗೆ ಹೊಸದೊಂದು ಸಿಕ್ಕಿತೆಂದರೆ ಹಳೆಯದು ಆ ಕ್ಷಣದಿಂದಲೇ ಕಸ. ಟೀವಿಗೆ ಸಿಕ್ಕಿಸುವ ಪುಟ್ಟ ಕಂಪ್ಯೂಟರಿನಲ್ಲಿ ಅವನು ಚೆನ್ನೆಮಣೆ ಆಡಿಸುತ್ತಿದ್ದ. ಮಣೆ ಬಿಡಿಸುವುದು, ಕಾಳು ಹಂಚುವುದು ಅವನು ಬರೆದ ಭಾಗ. ಮನೆಮನೆಗೂ ಬೇರೆಯಾಗುವ ಆಟದ ಕಟ್ಟಳೆಗಳನ್ನು ಹೆಂಡತಿ ಸರೋಜ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಬರೆದು ಸೇರಿಸಿದ್ದಳು. ಅದರಲ್ಲಿ ಅವಳಿಗೆ ಹೆಚ್ಚು ಪ್ರಿಯವಾದದ್ದು ರಿಪ್ಪನ್‌ಪೇಟೆಯ ಚಿಕ್ಕಮ್ಮ ವರದಮ್ಮನ ಮನೆಯದು: ಎದುರಿನವರ ಗುಣಿಗಳೆಲ್ಲ ಬರಿದಾದರೆ, ಅವರಿಗೆ ಕಾಳು ಸಿಗುವ ಹಾಗೆಯೇ ಆಡಬೇಕು. ಹಸಿದವರನ್ನು ಎದುರಿಗೆ ಕೂರಿಸಿಕೊಂಡು ಗೆಲ್ಲಬಾರದು.

ಎಂಬತ್ತೇಳರ ದಸರಾ ರಜೆಯಲ್ಲಿ ಸುಬ್ಬರಾಯ ಯಾವುದೋ ಪತ್ರಿಕೆ ಓದಿದ. ಬೇಸಿಕ್ ಮಕ್ಕಳಾಟ, ಬಲ್ಲವರು ಬರೆಯುವುದು ಫೋರ್ತ್ ಎಂಬ ಭಾಷೆಯಲ್ಲಿ ಎಂದಿತ್ತು. ಅಷ್ಟು ಸಾಕಾಯಿತು. ಫೋರ್ತ್ ತರಿಸಿ, ಆಟವನ್ನೆಲ್ಲ ಅದಕ್ಕೆ ಬದಲಿಸಿ, ಹಳೆಯ ಆಟವಿದ್ದ ಕ್ಯಾಸೆಟ್ಟಿನ ಮೇಲೇ ಹೊಸದನ್ನು ತುಂಬಿಸಿ, ಯುದ್ಧ ಗೆದ್ದವನ ಹಾಗೆ ಎದ್ದ.

"ನಾನು ಬರೆದದ್ದೋ?" ಎಂದಳು ಸರೋಜ.

"ಎಲ್ಲಾ ಬಂದಿದೆ ಮಾರಾಯ್ತಿ. ಇಪ್ಪತ್ತು ಪಟ್ಟು ಸ್ಪೀಡು! ಇನ್ನು ನೀನು ಇದರ ತಂಟೆಗೆ ಬರ್ಬೇಡ, ನಿನ್ನ ಬೇಸಿಕ್ಕಲ್ಲ ಇದು."

ಚೆನ್ನೆಮಣೆಗೆ ವೇಗ ಏತಕ್ಕೆಂದು ಅವಳು ಕೇಳಲಿಲ್ಲ. ಪಂಕ್ತಿಯಲ್ಲಿ ಓಡುತ್ತ ಬಡಿಸುವವನಿಗೆ ಬುದ್ಧಿ ಹೇಳಿ ಪ್ರಯೋಜನವೇನು?

ಮುಂದಿನ ವಾರ ಹೊಸನಗರದ ವಿಜ್ಞಾನ ಪ್ರದರ್ಶನಕ್ಕೆ ಆಟ ಹೋಗಬೇಕಿತ್ತು, 'ವರದಮ್ಮನ ಮನೆಯ ಚೆನ್ನೆ' ಎಂಬ ಹೆಸರಿನಲ್ಲಿ. ನೋಡಿ ಒಪ್ಪಲು ಚಿಕ್ಕಮ್ಮನೇ ಬಂದರು. ಚೆನ್ನೆ ಆಷಾಢದ ಮಳೆಯಲ್ಲಷ್ಟೇ ಆಡುವ ಆಟವೆಂದು, ಆಷಾಢ ಕಳೆದ ಮೇಲೆ ಮಣೆ ಮುಟ್ಟದವರು ಅವರು. "ಈ ಪೆಟ್ಟಿಗೆಗೆ ಎಂಥಾ ಆಷಾಢ" ಎಂದು ನಗುತ್ತ ಕುಳಿತರು.

ಸ್ವಲ್ಪ ಹೊತ್ತಿಗೆ ಯಂತ್ರದ ಗುಣಿಗಳೆಲ್ಲ ಬರಿದಾದವು. ವರದಮ್ಮ ಗೆಲ್ಲುವ ಗುಣಿಯನ್ನು ಬಿಟ್ಟು, ಅದಕ್ಕೆ ಕಾಳು ಸಿಗುವ ಗುಣಿ ಎತ್ತಿದರು. "ಪಾಪ, ತಿನ್ಲಿ." ಆಮೇಲೆ ಅವರ ಗುಣಿಗಳು ಬರಿದಾದವು. ಯಂತ್ರ ಒಂದು ಕಾಳನ್ನೂ ಬಿಡದೆ ಉಳಿದದ್ದನ್ನೆಲ್ಲ ಬಾಚಿಕೊಂಡು, ಗೆದ್ದೆನೆಂದು ಪೀಂಗುಟ್ಟಿತು.

ಸುಬ್ಬರಾಯ ಚಪ್ಪಾಳೆ ತಟ್ಟಿದ. "ನೋಡಿದ್ರಾ ಚಿಕ್ಕಮ್ಮ, ಎಂಥಾ ಸ್ಪೀಡು!"

"ಚೆನ್ನಾಗಿದೆ ಅಳಿಯಂದ್ರೇ." ಅವನ ಮುಖ ಬಾಡಬಾರದೆಂದು ಸೇರಿಸಿದರು: "ನಂಗೇ ವಯಸ್ಸಾಯ್ತು, ಸೋತೆ."

ಆ ಮಾತು ಕೇಳಿ ಸರೋಜಳಿಗೆ ತಡೆಯಲಾಗಲಿಲ್ಲ. "ಚಿಕ್ಕಮ್ಮನ ಕಟ್ಟಳೆ ಎಲ್ಲಿ ರೀ?"

"ಅದಾ? ಫೋರ್ತಲ್ಲಿ ಸರಿಯಾಗಿ ಕೂರ್ಲಿಲ್ಲ. ಎದುರಾಳಿಗೆ ಅನ್ನ ಹಾಕೋದು ಲಾಜಿಕ್ಕೂ ಅಲ್ಲ ಬಿಡು."

"ಲಾಜಿಕ್ ಅಲ್ಲ ಅಂತಲ್ಲ, ನಿಮಗೆ ಬರೆಯೋಕೆ ಬರ್ಲಿಲ್ಲ."

ಅವನು ಆಟವನ್ನು ಮತ್ತೆ ಶುರು ಮಾಡಲು ಕೀಲಿಗೆ ಕೈ ಹಾಕಿದ. ಸರೋಜ ಬಿಡಲಿಲ್ಲ.

"ಹೊಸನಗರಕ್ಕೆ ಇದೇ ಹೋಗೋದಾದ್ರೆ ಚಿಕ್ಕಮ್ಮನ ಹೆಸರು ತೆಗೀರಿ. ಹೊಟ್ಟೆಬಾಕನ ಚೆನ್ನೆ ಅಂತ ಬರೀರಿ."

"ಏಯ್, ಬೋರ್ಡ್ ಬರೆಸಿ ಆಗಿದೆ!"

"ಹಾಗಾದ್ರೆ ಆ ಫೋರ್ತಿನ ಪುಸ್ತಕ ಕೊಡಿ ಇಲ್ಲಿ."

ಪುಸ್ತಕದ ಮೊದಲ ಹಾಳೆಗಳಷ್ಟೇ ಬೆರಳು ತಾಗಿ ಮಾಸಿದ್ದವು. ಮುಂದಿನವು ಅಂಗಡಿಯಿಂದ ಬಂದ ಹಾಗೇ ಗರಿಗರಿಯಾಗಿದ್ದವು. ವರದಮ್ಮ ಸದ್ದಿಲ್ಲದೆ ಕುರ್ಚಿ ಬಿಟ್ಟುಕೊಟ್ಟು ಪಕ್ಕದ ಸ್ಟೂಲಿಗೆ ಸರಿದರು.

"ನಾನು ಬೇಕಿದ್ರೆ ಹೇಳಿಕೊಡ್ಲಾ?" ಎಂದ ಸುಬ್ಬರಾಯ.

ಸರೋಜ ತಲೆ ಎತ್ತಲಿಲ್ಲ. "ಬೇಡ. ಕಾಫಿ ಮಾಡ್ಕೊಂಡು ಬನ್ನಿ. ಚಿಕ್ಕಮ್ಮನಿಗೆ ಸಕ್ಕರೆ ಕಮ್ಮಿ."