ಬೊಂಡ ಕುಡಿ ಮಗಾ

ಫ್ಯಾನ್ ಕಿರ್ರೆಂದಿತು, ಲ್ಯಾಪ್‌ಟಾಪಿನಲ್ಲಿ ಅದೇ ಪ್ರಶ್ನೆ ಮಿಣಮಿಣ, ಆಟದ ಮಾತನ್ನು ಕನ್ನಡದಲ್ಲಿ ತೋರಿಸುವ ಮಾಡ್ ಹಾಕಲೇ ಬೇಡವೇ, ನಿಶಾಳ ಬೆರಳು ಮೌಸಿನ ಮೇಲೇ ನಿಂತಿದೆ, ಹೊರಗೆ ಜೋಗೇಶ್ವರಿಯ ಭಾನುವಾರದ ಬಿಸಿಲು, ಗೆಳತಿ ಲಾವಣ್ಯಾ ಫೋನಿನಲ್ಲಿ ಬೈದೂ ಆಯಿತು, ಅರೇ ಪಾಗಲ್, ಪೆಹಲೀ ಬಾರ್ ಆಟವನ್ನು ಇದ್ದ ಹಾಗೇ ಆಡು, ಹೊರಗಿನವರು ಮಾಡಿದ ತೇಪೆ ಹಚ್ಚಬೇಡ, ಮೊದಲನೇ ಸಲ ಒಂದೇ ಸಲ ಬರುವುದು — ಗೊತ್ತುಂಟು ಮಾರಾಯ್ತಿ, ಯಾರಿಗೆ ಹೇಳುತ್ತೀ, ಎರಡು ವರ್ಷದಿಂದ ಈ ಆಟದ ಒಂದೇ ಒಂದು ವೀಡಿಯೋ ನೋಡದೆ ಕಾದವಳು ಇವಳು, ಅದರ ಮಾತನ್ನೆಲ್ಲ ಕನ್ನಡಕ್ಕೆ ತಂದವಳೂ ಇವಳೇ, ಇಬ್ಬರೂ ಸೇರಿ ಮಾಡೋಣ ಅಂದಿದ್ದ ಗುರುಬಸವ ಕಳಿಸಿದ ಬರೀ ಸಾಲುಗಳ ಪಟ್ಟಿ ನೋಡಿಕೊಂಡು, ಬೊರಿವಲಿ ಲೋಕಲಿನಲ್ಲಿ ಯಾರದೋ ಮೊಣಕೈ ಪಕ್ಕೆಗೆ ತಿವಿಯುತ್ತಿರುವಾಗ, ಫೋನಿನಲ್ಲೇ ಕುಟ್ಟಿ ಕುಟ್ಟಿ. ಮಾಡ್ ಹೊರಬಂದಾಗ ಮೊದಲ ಪರದೆಯಲ್ಲಿ ಏನಿತ್ತು — ಕನ್ನಡಕ್ಕೆ: ಗುರುಬಸವ. ಅಷ್ಟೇ. ಪಟ್ಟಿ ಅವನ ಅಕೌಂಟಿನದು, ಇವಳನ್ನು ಅದರಿಂದ ಹೊರಹಾಕಿಯೂ ಆಗಿತ್ತು, ಬರೆದದ್ದು ಇವಳೆನ್ನಲು ಗುರುತೇ ಉಳಿಯದಂತೆ. ದಾದರ್ ಬ್ರಿಜ್ಜಿನ ಮೇಲೆ ತಡೆದು ಕೇಳಿದರೆ ನಕ್ಕ, ಹೆಸರಿನಾಗ ಏನೈತಿ ನಿಶಾ, ಕನ್ನಡದ ಕೆಲಸ ಅಲ್ಲೇನು. ಏನೂ ಇಲ್ಲದಿದ್ದರೆ ನಿನ್ನದೊಂದೇ ಯಾಕೆ ಹಾಕಿದೆ, ಕಳ್ಳ — ಈಗ ದಿನಾ ಮನಸ್ಸಿನಲ್ಲೇ ಕೇಳುತ್ತಾಳೆ.

ಮತ್ತೆ ನಿನ್ನೆ, ಆಹಾ, ನಿನ್ನೆ, ಆಟ ಆಡದೆ ಸಾಲುಗಳನ್ನಷ್ಟೇ ಓದಿದ ಯಾರೋ ಮಾಡಿನ ಪುಟದಲ್ಲಿ ಕೇಳಿದ್ದಾರೆ, ಮುದುಕಿ ಸಿಪಾಯಿಗೆ ಬೊಂಡ ಕುಡಿ ಅಂತಾಳಲ್ಲ, ಬೊಂಡ ಕುಡಿಯೋದಾ ಗುರು, ಕೆಳಗೆ ಅವನ ಉತ್ತರ, ಟೈಪಿಂಗ್ ಮಿಸ್ಟೇಕ್ ರೀ, ನಂದ ತಪ್ಪು, ತಿನ್ನು ಅಂತ ಸರಿ ಮಾಡೀನಿ. ಸರಿ ಮಾಡಿದನಂತೆ! ಬಿಜಾಪುರದವನಿಗೆ ಬೊಂಡ ಅಂದರೆ ಎಣ್ಣೆಯಲ್ಲಿ ಕರಿದದ್ದು, ತನ್ನೂರು ಉಡುಪಿಯ ಯಾವ ಮಗುವನ್ನು ಕೇಳಿದರೂ ಹೇಳೀತು ಅದು ಎಳನೀರೆಂದು, ಮೂಲದ ಸಾಲಿನಲ್ಲಿದ್ದದ್ದೂ ಅದೇ, ಜ್ವರದ ಬಾಯಿಗೆ ಅಮ್ಮ ಹಿಡಿಯುತ್ತಿದ್ದದ್ದು, ಬೊಂಡ ಕುಡಿ ಮಗಾ, ಆ ಸಾಲು ಬರೆವಾಗ ಲೋಕಲಿನಲ್ಲೇ ಕಣ್ಣು ತುಂಬಿತ್ತು. ಬರೆದವನಾದರೆ ಗೊತ್ತಿರುತ್ತಿತ್ತು. ಮಾಡ್ ಹಾಕದಿದ್ದರೆ ಮೊದಲ ಆಟ ತನ್ನದು, ಕಳ್ಳ ಬಚಾವ್. ಹಾಕಿದರೆ ಕಾದ ಎರಡು ವರ್ಷ ಅವನ ಹೆಸರಿನಡಿಗೆ, ಆದರೆ ಅವನು ಬರೆದವನಲ್ಲ ಅನ್ನುವುದಕ್ಕೆ ಕೈಯಲ್ಲಿ ಸಾಕ್ಷಿ. ಹೋಗಲಿ, ಹಾಳಾಗಿ ಹೋಗಲಿ ಮೊದಲ ಸಲ. ರೆಕಾರ್ಡಿಂಗ್ ಒತ್ತಿದಳು, ಮಾಡ್ ಒತ್ತಿದಳು, ಬಂತು ಅವನ ಹೆಸರು, ಇರಲಿ, ದೊಡ್ಡದಾಗಿಯೇ ಇರಲಿ, ಕಡಲು ಬಂತು, ಗುಡಿಸಲು, ಮುದುಕಿ, ಕತ್ತಿ ಎತ್ತಿ ಹಸಿರು ಕಾಯಿಯ ತಲೆ ಕಡಿದಳು, ನೀರು ಚಿಮ್ಮಿತು, ನಿಶಾ ಆಟವನ್ನು ಅಲ್ಲೇ ತಡೆದಳು — ಎರಡೂ ಕೈಯಲ್ಲಿ ಎಳನೀರು ಚಾಚಿ ನಿಂತಿದ್ದಾಳೆ ಮುದುಕಿ, ಕೆಳಗೆ ದಪ್ಪಕ್ಷರ, ಬೊಂಡ ತಿನ್ನು ಮಗಾ. ತಿನ್ನು ಗುರುಬಸವ, ಸಿಪ್ಪೆ ಸಮೇತ ತಿನ್ನು, ನಿನ್ನ ಮಾಡಿನ ಪುಟದಲ್ಲೇ ಹಾಕುತ್ತೇನೆ, ಎಲ್ಲರೂ ನೋಡಲಿ, ತಿನ್ನು.