ಶಿವಕುಮಾರಿ ಅಳೆದ ಒಂದು ಲೀಟರ್

ಗಣಿತದ ಪರೀಕ್ಷೆ ಇದೆ ಅಂದರೆ ಶಿವಕುಮಾರಿಗೆ ಬೆಳಿಗ್ಗೆಯೇ ಹೊಟ್ಟೆನೋವು ಶುರುವಾಗುತ್ತಿತ್ತು. ಇಂಥ ಹೊಟ್ಟೆನೋವು ನಿಮ್ಮ ಮನೆಯಲ್ಲೂ ಬಂದಿರಬಹುದು.

ಶಿವಕುಮಾರಿ ನಾಲ್ಕನೇ ತರಗತಿಯ ಹುಡುಗಿ. ಮನೆ ಮುಂಬೈಯ ಘಾಟ್ಕೋಪರ್‌ನಲ್ಲಿ, ಗುಡ್ಡದ ಮೇಲಿನ ಸಾಲುಮನೆಗಳ ಚಾಳಿನಲ್ಲಿ. ಅಪ್ಪ ಮರೆಪ್ಪ ಕಟ್ಟಡಗಳಲ್ಲಿ ಟೈಲ್ಸ್ ಹಾಕುವ ಕೆಲಸಕ್ಕೆ ಹೋಗುತ್ತಾನೆ. ಅವ್ವ ಗುರುಬಾಯಿ ಕೆಳಗಿನ ಹೌಸಿಂಗ್ ಸೊಸೈಟಿಯ ಫ್ಲ್ಯಾಟುಗಳಲ್ಲಿ ಮನೆಗೆಲಸ ಮಾಡುತ್ತಾಳೆ. ತಮ್ಮ ಸಂತುಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಯಾದಗಿರಿ ಕಡೆಯಿಂದ ಬಂದ ಈ ಕುಟುಂಬ ಮಗಳನ್ನು ಕನ್ನಡ ಶಾಲೆಗೇ ಹಾಕಿದೆ.

ಹುಡುಗಿಗೆ ಬಾಯಿಪಾಠ ಚೆನ್ನಾಗಿ ಬರುತ್ತಿತ್ತು. ಸಾವಿರ ಮಿಲಿಲೀಟರ್ ಸೇರಿದರೆ ಒಂದು ಲೀಟರ್ ಎಂದು ತಡವರಿಸದೆ ಹೇಳುತ್ತಿದ್ದಳು. ಆದರೆ ಕುಡಿಯುವ ಲೋಟದಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬ ಪ್ರಶ್ನೆಗೆ ನಲವತ್ತು ಲೀಟರ್ ಎಂದು ಬರೆದಿದ್ದಳು. ಮಕ್ಕಳೆಲ್ಲ ನಕ್ಕರು. ಅಂದಿನಿಂದ ಅವಳು ಗಣಿತದ ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು.

ಅವಳ ಟೀಚರ್ ಜ್ಯೋತ್ಸ್ನಾ ಉಡುಪಿ ಕಡೆಯವರು. ಸಯನ್‌ನಿಂದ ದಿನವೂ ಲೋಕಲ್ ರೈಲು ಹಿಡಿದು ಬರುತ್ತಾರೆ. ತಪ್ಪು ಉತ್ತರ ಕಂಡು ಅವರು ಬೈಯಲಿಲ್ಲ. ಕೆಲವು ದಿನ ಪುಸ್ತಕ ಮುಚ್ಚಿಟ್ಟು, ಮನೆಯಿಂದ ಖಾಲಿ ಬಾಟಲಿ, ದಾರ, ಮುಚ್ಚಳ, ಒಂದಿಷ್ಟು ಅಕ್ಕಿ ತರಲು ಮಕ್ಕಳಿಗೆ ಹೇಳಿದರು. ಮಕ್ಕಳು ಬೆಂಚು ಅಳೆದರು, ಬಾಗಿಲು ಅಳೆದರು. ನೂರು ಮಿಲಿಲೀಟರ್ ಹಿಡಿಯುವ ಅಳತೆಯ ಕಪ್ಪಿನಿಂದ ಬಾಟಲಿಗೆ ನೀರು ಸುರಿದು, ಪ್ರತಿ ಸಲ ನೀರು ಎಲ್ಲಿಗೆ ಬಂತು ಎಂದು ಕಾಗದದ ಪಟ್ಟಿ ಅಂಟಿಸಿ ಗೆರೆ ಎಳೆದರು. ಶಿವಕುಮಾರಿಯೂ ತನ್ನ ಬಾಟಲಿಗೆ ಒಂದು ಲೀಟರ್‌ವರೆಗೆ ಗೆರೆ ಹಾಕಿ, ಅದನ್ನು ಎದೆಗವಚಿಕೊಂಡು ಮನೆಗೆ ತಂದಳು.

ಮನೆಯಲ್ಲಿ ಮರೆಪ್ಪನ ಕಣ್ಣಿಗೆ ಬಿದ್ದದ್ದು ಮಗಳ ಒದ್ದೆ ಲಂಗ. ಮರುದಿನವೇ ರಜೆ ಹಾಕಿ ಶಾಲೆಗೆ ಹೋದ.

"ಟೀಚರ್ರ, ನಾವು ಹುಡುಗೀನ ಕಲಿಯಾಕ ಕಳಸ್ತೀವ್ರಿ, ನೀರಾಗ ಆಡಾಕ ಅಲ್ಲ. ಲೆಕ್ಕ ಬರಲಿಲ್ಲಂತ ನಾ ಹೊಡತ ತಿಂದು ಮೂರನೇ ಕ್ಲಾಸಿಗೇ ಸಾಲಿ ಬಿಟ್ಟೆ. ಆಕಿಗೂ ಹಂಗ ಆಗಬಾರದ್ರಿ."

ಜ್ಯೋತ್ಸ್ನಾ ಅವನನ್ನು ಕೂರಿಸಿದರು. "ಅದೇ ಭಯ ನನಗೂ ಉಂಟು ಮರೆಪ್ಪಣ್ಣ. ಲೀಟರ್ ಅಂತ ಬರೆಯಲಿಕ್ಕೆ ಅವಳಿಗೆ ಬರ್ತದೆ. ಆದರೆ ಲೀಟರ್ ಅಂದ್ರೆ ಎಷ್ಟು ಅಂತ ಅವಳು ಒಮ್ಮೆಯೂ ನೋಡಿರಲಿಲ್ಲ. ಕೈಯಲ್ಲಿ ಸುರಿದು ನೋಡಿದ್ದು ಮರೆತು ಹೋಗುದಿಲ್ಲ. ಆಮೇಲೆ ಪುಸ್ತಕದ ಲೆಕ್ಕವನ್ನೂ ಮಾಡಿಸ್ತೇನೆ."

ಮರೆಪ್ಪ ಒಪ್ಪಲಿಲ್ಲ. ಮನೆಗೆ ಬಂದು, ಪರೀಕ್ಷೆ ಮುಗಿಯುವ ತನಕ ಮನೆಯ ಸಾಮಾನು ಶಾಲೆಗೆ ಒಯ್ಯಬಾರದು ಎಂದು ಮಗಳಿಗೆ ಹೇಳಿ, ಬಾಟಲಿಯನ್ನು ಅಟ್ಟದ ಮೇಲಿಟ್ಟ.

ಆ ಭಾನುವಾರ ಸಂತುಗೆ ವಾಂತಿ, ಭೇದಿ ಹತ್ತಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಕೂಸಿನ ಕಣ್ಣು ಒಳಕ್ಕೆ ಹೋದವು, ಅಳುವಿನ ದನಿ ಸಣ್ಣದಾಯಿತು. ಗುರುಬಾಯಿ ದವಾಖಾನೆಗೆ ಓಡಿದಳು. ಡಾಕ್ಟರು ನೋಡಿ ಓಆರ್‌ಎಸ್ ಪುಡಿಯ ಪೊಟ್ಟಣ ಕೊಟ್ಟರು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣ ಹಾಕಿ, ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಿ ಎಂದರು.

ಮನೆಗೆ ಬಂದು ಗುರುಬಾಯಿ ಪಾತ್ರೆಯಲ್ಲಿ ನೀರು ಕಾಯಿಸಿ ಆರಿಸಿ, ತಂಬಿಗೆಗೆ ತುಂಬಿಕೊಂಡು ಪೊಟ್ಟಣ ಹರಿದಳು.

"ಅವ್ವಾ, ಹಾಕಬ್ಯಾಡ. ಅದು ಲೀಟರ್ ಅಲ್ಲ," ಎಂದಳು ಶಿವಕುಮಾರಿ.

ತಂಬಿಗೆ ಇಷ್ಟು ದೊಡ್ಡದಿದೆ, ಒಂದು ಲೀಟರ್ ಆಗದೇನು ಎಂದು ಮರೆಪ್ಪ ಗದರಿದ. ನೀರು ಕಡಿಮೆಯಾಗಿ ಔಷಧ ಗಟ್ಟಿಯಾದರೆ ಬೇಗ ಗುಣವಾಗುತ್ತದೆ ಎಂದು ಗುರುಬಾಯಿಯ ಲೆಕ್ಕ. ಹುಡುಗಿ ಹಿಂದೆ ಸರಿಯಲಿಲ್ಲ. ಸ್ಟೂಲು ಹತ್ತಿ ಅಟ್ಟದಿಂದ ಬಾಟಲಿ ಇಳಿಸಿ, ತೊಳೆದು, ತಂಬಿಗೆಯ ನೀರನ್ನು ಅದಕ್ಕೆ ಸುರಿದಳು. ತಂಬಿಗೆ ಖಾಲಿಯಾಯಿತು. ನೀರು ಬಾಟಲಿಯ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದು ನಿಂತಿತು.

"ಅಪ್ಪಾ, ಲೀಟರ್ ಅಂದ್ರ ಈ ಮ್ಯಾಲಿನ ಗೆರಿ. ನಾನ ಅಳದ ಹಾಕೀನಿ."

ಮರೆಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಪಾತ್ರೆಯಲ್ಲಿ ಉಳಿದಿದ್ದ ಆರಿದ ನೀರನ್ನು ತಾನೇ ಆ ಗೆರೆಯವರೆಗೆ ತುಂಬಿದ. ಗುರುಬಾಯಿ ಪುಡಿ ಕರಗಿಸಿ ಚಮಚದಿಂದ ಕುಡಿಸುತ್ತ ಕೂತಳು. ಸಂಜೆಗೆ ಸಂತು ಉಚ್ಚೆ ಹೊಯ್ದ, ಅಕ್ಕನ ಜಡೆ ಹಿಡಿದು ಎಳೆದ. ಮರುದಿನ ದವಾಖಾನೆಯ ನರ್ಸ್ ನಡೆದದ್ದನ್ನು ಕೇಳಿ, ನೀರು ಕಡಿಮೆಯಾಗಿದ್ದರೆ ಉಪ್ಪು ಹೆಚ್ಚಾಗಿ ಕೂಸಿಗೆ ಅಪಾಯವಾಗುತ್ತಿತ್ತು, ನೀರು ಹೆಚ್ಚಾದರೂ ಗುಣವಾಗುವುದಿಲ್ಲ ಎಂದು ತಿಳಿಸಿದರು. ಗುರುಬಾಯಿ ಮಗಳನ್ನು ಹತ್ತಿರಕ್ಕೆಳೆದು ಬಹಳ ಹೊತ್ತು ತಲೆ ನೇವರಿಸಿದಳು.

ಆ ವಾರವೇ ಮರೆಪ್ಪ ಮತ್ತೆ ಶಾಲೆಗೆ ಹೋದ.

"ಅವತ್ತ ಜೋರ ಮಾತಾಡಿದ್ನಿ, ಮನಸಿಗೆ ಹಚ್ಕೋಬ್ಯಾಡ್ರಿ ಟೀಚರ್ರ. ಪಾಠಕ್ಕ ಇನ್ನ ಏನ ಬೇಕು, ಹೇಳ್ರಿ."

ಮುಂದಿನ ಪಾಠ ಕ್ಷೇತ್ರಫಲ, ನೆಲದ ಮೇಲೆ ಚೌಕ ಜೋಡಿಸಿ ನೋಡುವುದು ಎಂದರು ಜ್ಯೋತ್ಸ್ನಾ. ಮರೆಪ್ಪ ಕಂಟ್ರಾಕ್ಟರನನ್ನು ಕೇಳಿ ಮಿಕ್ಕ ಟೈಲ್ಸ್ ತಂದ. ಮಕ್ಕಳ ಕೈಗೆ ತಾಗಬಾರದೆಂದು ಒಂದೊಂದರ ಅಂಚನ್ನೂ ಉಜ್ಜಿ ನುಣುಪು ಮಾಡಿದ್ದ. ದೊಡ್ಡ ಗುಣಾಕಾರದಲ್ಲಿ ಶಿವಕುಮಾರಿ ಈಗಲೂ ನಿಧಾನವೇ. ಆದರೆ ಟೀಚರ್ ಅಳತೆಯ ಪ್ರಶ್ನೆ ಕೇಳಿದರೆ ಕೈ ಎತ್ತುತ್ತಾಳೆ.

ತಾಯಂದಿರೇ, ತಂದೆಯರೇ, ಮಗು ಶಾಲೆಗೆಂದು ಖಾಲಿ ಬಾಟಲಿ, ದಾರ, ಡಬ್ಬಿ ಕೇಳಿದರೆ ಇಲ್ಲ ಅನ್ನಬೇಡಿ. ಅದು ಆಟದಂತೆ ಕಂಡರೂ ಪಾಠವೇ. ಸಂಶಯವಿದ್ದರೆ ಶಾಲೆಗೆ ಹೋಗಿ, ತರಗತಿಯಲ್ಲಿ ಕೂತು ನೋಡಿ, ಟೀಚರ್ ಜೊತೆ ಮಾತಾಡಿ. ಮನೆಯಲ್ಲೂ ಅಳೆಯಲು ಬಿಡಿ. ಇವತ್ತು ಅಡುಗೆಗೆ ಅಕ್ಕಿ ತೆಗೆಯುವಾಗ ಅಳತೆಯ ಲೋಟವನ್ನು ಮಗುವಿನ ಕೈಗೆ ಕೊಡಿ. ನಾಲ್ಕು ಕಾಳು ಚೆಲ್ಲಿದರೆ ಬೈಯಬೇಡಿ, ಜೊತೆಗೆ ಕೂತು ಆರಿಸಿಕೊಳ್ಳಿ.